ಹಾರರ್ ಗೇಮ್ ಬ್ಯಾನ್ ಮಾಡಿ ಅಂತ ಮನವಿ ಬರೋ ಮುಂಚೆ ಮೊಬೈಲ್ ಅಂಗಡಿಯವನ ಒಂದು ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲೆ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಅವ್ರಿಗೆ, ಹಂಗೇ ನಮ್ಮ ತೀರ್ಥಹಳ್ಳಿ ಕಡೆ ಅಪ್ಪ-ಅಮ್ಮಂದಿರಿಗೆ, ನಮಸ್ಕಾರ.

ನಾನು ತೀರ್ಥಹಳ್ಳೀಲಿ ಸಣ್ಣದೊಂದು ಮೊಬೈಲ್ ರಿಪೇರಿ ಅಂಗಡಿ ಇಟ್ಕೊಂಡಿದೀನಿ. ಡಿಸ್ಪ್ಲೇ ಬದಲಿಸೋದು, ಚಾರ್ಜಿಂಗ್ ಪಿನ್ ಹಾಕೋದು, ಮಳೆಗಾಲದಲ್ಲಿ ಗದ್ದೆ ನೀರಿಗೆ ಬಿದ್ದ ಫೋನ್ ಒಣಗ್ಸೋದು, ಇಷ್ಟೇ ನನ್ ಕೆಲ್ಸ. ಪತ್ರ ಬರೆದು ಅಭ್ಯಾಸ ಇಲ್ಲ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೊನ್ನೆ ಇಲ್ಲೇ ಒಂದು ಶಾಲೇಲಿ ಪೋಷಕರ ಸಭೆ ಆಯ್ತು. ಏಳನೇ ಕ್ಲಾಸಿನ ಒಂದು ಹುಡುಗ ರಾತ್ರಿ ಎದ್ದು ಕಿರುಚ್ಕೊಳ್ತಾನೆ, ಕೇಳಿದ್ರೆ ಫೋನಲ್ಲಿ ಯಾವ್ದೋ ದೆವ್ವದ ಗೇಮ್ ಆಡಿದಾನೆ, ಅದ್ಕೆ ಜಿಲ್ಲೆ ತುಂಬ ಹಾರರ್ ಗೇಮ್ ಬಂದ್ ಆಗ್ಬೇಕು, ಅಂಗಡಿಯವ್ರು ಹಾಕಿಕೊಟ್ರೆ ಕೇಸ್ ಹಾಕ್ಬೇಕು, ಹಿಂಗಂತ ಮಾತಾಗಿ ನಿಮ್ಗೊಂದು ಮನವಿ ಕೊಡೋದು ಅಂತ ತೀರ್ಮಾನ ಆಗಿದೆ. ಸಹಿಗೆ ನನ್ ಅಂಗಡಿಗೂ ಬಂದಿದ್ರು. ನಾನು ಹಾಕ್ಲಿಲ್ಲ. ಇಬ್ರು ಮುಖ ತಿರುಗಿಸ್ಕೊಂಡು ಹೋದ್ರು, ಒಬ್ರು "ನಿಂಗೆ ವ್ಯಾಪಾರ ಅಲ್ವಾ ಮಾರಾಯ" ಅಂತ ಬಾಯಿಬಿಟ್ಟು ಅಂದ್ರು. ವ್ಯಾಪಾರ ಎಂತದ್ದು, ಗೇಮ್ ಹಾಕಿಕೊಡೋಕೆ ನಾನು ದುಡ್ಡು ತಗೊಳಲ್ಲ, ತಗೊಂಡ್ರೂ ಅದು ಒಂದು ಚಾ ಖರ್ಚಿಗೆ ಸಮ. ಸಹಿ ಹಾಕದೇ ಇದ್ದಿದ್ದಕ್ಕೆ ಕಾರಣ ಬೇರೆ ಇದೆ. ಅದನ್ನ ಹೇಳ್ಬೇಕು ಅಂದ್ರೆ ಮೊದ್ಲು ನನ್ ಮರ್ಯಾದೆ ನಾನೇ ಕಳ್ಕೋಬೇಕು, ಪರ್ವಾಗಿಲ್ಲ.

ಹೋದ್ ವರ್ಷ ನನ್ ಮಗಂಗೆ 13, ಎಂಟನೇ ಕ್ಲಾಸು. ಜುಲೈನಲ್ಲಿ ಮಳೆ ಜಾಸ್ತಿ ಅಂತ ಸಾಲಾಗಿ ರಜೆ ಕೊಟ್ರಲ್ಲ, ಆಗ ಅವ್ನು ಅಂಗಡಿಗೆ ಬಂದು ಕೂತು ಕೂತು ಬೇಜಾರಾಗಿ ಫ್ರೆಂಡ್ ಹತ್ರ ಒಂದು ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಫೋನಿಗೆ ಹಾಕೋ ಆ್ಯಪ್ ಫೈಲ್) ಶೇರ್ ಮಾಡಿಸ್ಕೊಂಡು ಬಂದ. ಇನ್‌ಸ್ಟಾಲ್ ಆಗ್ತಿಲ್ಲ ಅಪ್ಪಾ ಅಂದ. ನಾನು ಆಗ ಒಂದು ಡಿಸ್ಪ್ಲೇಗೆ ಗಮ್ ಹಾಕ್ತಿದ್ದೆ, ಕೈ ಬಿಡೋ ಹಂಗಿಲ್ಲ, ಎಡಗೈಲಿ ಅವ್ನ ಫೋನ್ ತಗೊಂಡು ಸೆಟ್ಟಿಂಗ್ಸಲ್ಲಿ ಪರ್ಮಿಷನ್ ಆನ್ ಮಾಡಿ ಕೊಟ್ಟೆ. ಅದು ಎಂಥ ಗೇಮ್ ಅಂತ ನೋಡ್ಲಿಲ್ಲ. ಊರಿನವ್ರ ಫೋನಿಗೆಲ್ಲ ಸೇಫ್ಟಿ ಬಗ್ಗೆ ಉಪದೇಶ ಮಾಡೋನು ನಾನು! ಗೇಮ್ ಹೆಸರು ಇಲ್ಲಿ ಬರೆಯಲ್ಲ, ಬರೆದ್ರೆ ಇವತ್ತು ಸಂಜೆನೇ ನಾಲ್ಕು ಹುಡ್ರು ಹುಡುಕ್ತಾರೆ.

ನಮ್ಮನೆ ಊರಿಂದ ಸ್ವಲ್ಪ ಹೊರಗೆ, ಹಳೇ ಮನೆ, ಬಚ್ಚಲು ಹಿಂದ್ಗಡೆ. ಅಡಿಗೆಮನೆ ದಾಟಿ ಕೊಟ್ಟಿಗೆ ಪಕ್ಕದ ಓಣಿ ಥರದ ಜಾಗದಲ್ಲಿ ಹೋಗ್ಬೇಕು, ಅಲ್ಲಿರೋದು ಒಂದೇ ಬಲ್ಬು, ಅದೂ ಮಳೆಗಾಲದಲ್ಲಿ ಇದ್ರೆ ಇತ್ತು ಇಲ್ದಿದ್ರೆ ಇಲ್ಲ. ಆ ವಾರ ಮಗ ಕತ್ತಲಾದ್ಮೇಲೆ ಬಚ್ಚಲಿಗೆ ಹೋಗೋದನ್ನೇ ಬಿಟ್ಟ. ತಂಗಿನ ಎಳ್ಕೊಂಡು ಹೋಗ್ತಿದ್ದ, ಅವ್ಳು ಬಾಗ್ಲಲ್ಲಿ ಟಾರ್ಚ್ ಹಿಡ್ಕೊಂಡು ಜೋರಾಗಿ ಮಗ್ಗಿ ಹೇಳ್ತಾ ನಿಂತಿರ್ಬೇಕು, ಧ್ವನಿ ನಿಂತ್ರೆ ಒಳಗಿಂದ ಹೆಸರು ಕೂಗ್ತಿದ್ದ. ರಾತ್ರಿ ಉಪ್ಪರಿಗೆ ರೂಮ್ ಬಿಟ್ಟು ಅಜ್ಜಿ ಹಾಸಿಗೆ ಪಕ್ಕ ಬಂದು ಮಲಗೋಕೆ ಶುರು ಮಾಡ್ದ. ನಮ್ಮಮ್ಮ, ಪಾಪ, ಗಾಳಿ ಸೋಕಿರ್ಬೇಕು ಅಂತ ದಾರ ಮಂತ್ರಿಸ್ಕೊಂಡು ಬಂದು ಕೈಗೆ ಕಟ್ಟಿದ್ರು. ನಾನು ಎಂತ ಮಾಡ್ದೆ? ಬೈದೆ. "ಎಂಟನೇ ಕ್ಲಾಸು, ಮೀಸೆ ಬರೋ ವಯಸ್ಸು, ನಾಚ್ಕೆ ಆಗಲ್ವಾ, ಅದು ಬರೀ ಗೇಮ್ ಕಣಾ" ಅಂದೆ.

ಅವ್ನು ಹೇಳಿದ ಮಾತು ಇವತ್ತಿಗೂ ಮರ್ತಿಲ್ಲ. "ಗೇಮ್ ಅಂತ ನಂಗೆ ಗೊತ್ತಪ್ಪಾ. ಗೊತ್ತಿದ್ರೂ ಆಗ್ತದೆ."

ಆವತ್ತು ರಾತ್ರಿ ಎಲ್ಲ ಮಲಗಿದ್ಮೇಲೆ ಅವ್ನ ಫೋನ್ ತಗೊಂಡು ಜಗಲೀಲಿ ಕೂತು, ಅವ್ನದೇ ಇಯರ್‌ಫೋನ್ ಹಾಕ್ಕೊಂಡು ಆ ಗೇಮ್ ಆಡ್ದೆ. ಹೊರಗೆ ಮಳೆ. ಮೊದಲ ಹತ್ತು ನಿಮಿಷ ಎಂತದ್ದೂ ಇಲ್ಲ, ಖಾಲಿ ಕಾರಿಡಾರು, ಎಲ್ಲೋ ನೀರು ತೊಟ್ಟಿಕ್ಕೋ ಸದ್ದು. ಆಮೇಲೆ ಹೆಜ್ಜೆ ಸದ್ದು, ಮೊದ್ಲು ಎಡ ಕಿವೀಲಿ, ನಿಧಾನಕ್ಕೆ ಬೆನ್ನ ಹಿಂದೆ ಬಂದಂಗೆ. ಒಂದು ಬಾಗ್ಲು ಬಂತು. ಆ ಬಾಗ್ಲು ನಾನೇ ತೆಗಿಬೇಕು, ನನ್ ಹೆಬ್ಬೆರಳಲ್ಲೇ, ತೆಗೀದಿದ್ರೆ ಗೇಮ್ ಮುಂದಕ್ಕೆ ಹೋಗಲ್ಲ. ಒಂದು ನಿಮಿಷ ಸುಮ್ನೆ ಕೂತಿದ್ದೆ ಅಂದ್ರೆ ನಂಬ್ತೀರಾ. ತೆಗ್ದೆ. ಫೋನ್ ಅಂಗಳಕ್ಕೆ ಹಾರ್ತು, ನಾಯಿ ಬೊಗಳ್ತು, ನಮ್ಮಮ್ಮ ಒಳಗಿಂದ "ಯಾರದು" ಅಂದ್ರು. 47 ವರ್ಷ ನಂಗೆ. ಮಾರನೇ ದಿನ ಅವ್ನ ಫೋನಿಗೆ ಹೊಸ ಡಿಸ್ಪ್ಲೇ ನನ್ ಖರ್ಚಲ್ಲೇ ಹಾಕಿದ್ದಾಯ್ತು.

ಆಗ ಒಂದು ವಿಷಯ ಹೊಳೀತು. ಸಿನಿಮಾದಲ್ಲಿ ದೆವ್ವ ಬಂದ್ರೆ ಕಣ್ ಮುಚ್ಚಬಹುದು, ಕಣ್ ಮುಚ್ಚಿದ್ರೂ ಸಿನಿಮಾ ತನ್ನಷ್ಟಕ್ಕೆ ಮುಂದೆ ಹೋಗ್ತದೆ. ಗೇಮಲ್ಲಿ ಕಣ್ ಮುಚ್ಚಿದ್ರೆ ಸತ್ತೆ, ಮತ್ತೆ ಮೊದ್ಲಿಂದ. ಹೆದರೋನೂ ನಾನೇ, ಬಾಗ್ಲು ತೆಗಿಯೋನೂ ನಾನೇ. ತಟ್ಟನೆ ಬೆಚ್ಚಿಬೀಳೋದು ಇದೆಯಲ್ಲ, ಅದು ಬುದ್ಧಿ ಕೇಳಿ ಆಗೋದಲ್ಲ, ಮೈ ತಾನೇ ಮಾಡ್ಕೊಳ್ಳೋದು, ಅಡ್ರಿನಲಿನ್ ಏರಿ ಎದೆ ಹೊಡ್ಕೊಂಡ್ಮೇಲೆ "ಓ ಇದು ಗೇಮ್" ಅಂತ ಬುದ್ಧಿ ಬಂದು ಹೇಳೋದು. ದೊಡ್ಡೋರಿಗೆ ಆ ಬುದ್ಧಿ ಸ್ವಲ್ಪ ಬೇಗ ಬರ್ತದೆ. ಮೆದುಳಲ್ಲಿ ಹಿಡಿತ ಇಟ್ಕೊಳ್ಳೋ ಮುಂಭಾಗ ಪೂರ್ತಿ ಬಲಿಯೋದು ಇಪ್ಪತ್ತು ದಾಟಿದ್ಮೇಲೆ ಅಂತ ಡಾಕ್ಟ್ರುಗಳು ಹೇಳ್ತಾರೆ, 13ರ ಹುಡುಗನ ಹತ್ರ ಅದನ್ನ ಕೇಳಿದ್ರೆ ಎಲ್ಲಿಂದ ತರ್ತಾನೆ. ಅದ್ರ ಮೇಲೆ ನಿದ್ದೆ. ಆ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು, ನನ್ ಮಗ ಆ ವಾರ ಐದು ಗಂಟೆನೂ ಮಾಡಿರ್ಲಿಕ್ಕಿಲ್ಲ.

ಹಂಗಾದ್ರೆ ಬ್ಯಾನ್ ಮಾಡೋದೇ ಸರಿ ಅಲ್ವಾ ಅಂತ ಕೇಳ್ತೀರಿ. ತಡೀರಿ, ಅಲ್ಲೇ ನಂದು ತಕರಾರು.

ನಾವು ಮಲೆನಾಡಿನವ್ರು ಹೆದರದೇ ಬೆಳೆದವ್ರಾ? ಅಡಿಕೆ ಸುಗ್ಗಿ ಟೈಮಲ್ಲಿ ರಾತ್ರಿ ಹನ್ನೊಂದರ ತನಕ ಹತ್ತು ಹದಿನೈದು ಜನ ಮೆಟ್ಟುಗತ್ತಿ ಇಟ್ಕೊಂಡು ಸಾಲಾಗಿ ಕೂತು ಅಡಿಕೆ ಸುಲೀತಿದ್ರೆ ನಿದ್ದೆ ಬರಬಾರ್ದು ಅಂತ ಶುರುವಾಗ್ತಿದ್ದ ಕಥೆ ಯಾವ್ದು? ಗದ್ದೆ ಬದುವಿನ ಮೇಲೆ ನಡ್ಕೊಂಡು ಹೋಗೋ ಕೊಳ್ಳಿದೆವ್ವ, ಬನದ ಚೌಡಿ, ಹೆಸರು ಕೂಗಿದ್ರೆ ಮೂರನೇ ಸಲಕ್ಕೇ ಓಗೊಡಬೇಕು ಅನ್ನೋದು. ಯಕ್ಷಗಾನದ ಆಟಕ್ಕೆ ಹೋದ್ರೆ ಅಲ್ಲೂ ಅದೇ. ಬಣ್ಣದ ವೇಷ ತೆರೆ ಹಿಂದೆ ಆರ್ಭಟ ಕೊಟ್ಟು, ಚೆಂಡೆ ಏರಿ, ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಭಗ್ ಅಂದಾಗ ನಾನು ಅಜ್ಜನ ಕಂಬಳಿ ಒಳಗೆ ಹೊಕ್ಕಿ ಕಂಬಳಿ ತೂತಲ್ಲಿ ನೋಡ್ತಿದ್ದೆ. ಹೆದರಿಕೆ ಪೂರ್ತಿ ನಿಜ. ಆದ್ರೆ ಅಜ್ಜನ ಹೊಟ್ಟೆ ನಗ್ತಾ ಕುಣೀತಿರೋದು ನನ್ ಬೆನ್ನಿಗೆ ತಾಗ್ತಿತ್ತು. ಕಥೆ ಹೇಳೋ ಹೆಂಗಸ್ರೂ ಹಂಗೇ, ಎದುರಿಗಿರೋ ಮಗು ಮುಖ ನೋಡ್ಕೊಂಡು ಹೇಳ್ತಿದ್ರು, ಜಾಸ್ತಿ ಆಯ್ತು ಅನ್ಸಿದ್ರೆ ದೆವ್ವ ತಟ್ಟನೆ ಎಡವಿ ಗೊಬ್ಬರದ ಗುಂಡಿಗೆ ಬೀಳ್ತಿತ್ತು. ಫೋನ್ ಹಂಗೆ ಮುಖ ನೋಡಲ್ಲ.

ಅದ್ಕೇ "ನಾವೂ ದೆವ್ವದ ಕಥೆ ಕೇಳಿ ಬೆಳೆದವ್ರೇ, ಈಗಿನ ಮಕ್ಳಿಗೆ ಎಂತ ಆಗ್ತದೆ" ಅನ್ನೋರ ಮಾತನ್ನೂ ನಾನು ಒಪ್ಪಲ್ಲ. ನೀವು ಕೇಳಿದ್ದು ಹದಿನೈದು ಜನರ ಮಧ್ಯ ಕೂತು. ಇವ್ನು ಆಡೋದು ಹೊದ್ದುಕೊಂಡು, ಲೈಟ್ ಆರಿಸಿ, ಎರಡೂ ಕಿವಿ ಮುಚ್ಕೊಂಡು, ಒಬ್ನೇ.

ಅದೇ ವರ್ಷ ದೀಪಾವಳಿಗೆ ನನ್ ತಂಗಿ ಮಕ್ಳು ಶಿವಮೊಗ್ಗದಿಂದ ಬಂದಿದ್ರು. ದೊಡ್ಡೋಳು ಪಿಯುಸಿ, ಲ್ಯಾಪ್‌ಟಾಪ್ ತಂದಿದ್ಲು, ಅದನ್ನ ಟೀವಿಗೆ ಹಾಕಿ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್ ಅನ್ನೋ ಗೇಮ್ ಶುರು ಮಾಡಿದ್ಲು. 2014ರದ್ದು, ಹಳೇದು. ಅಮೆರಿಕದ ರೇಟಿಂಗಲ್ಲಿ ಅದು ಟೀನ್, ಅಂದ್ರೆ 13 ದಾಟಿದವ್ರಿಗೆ. ನಾವು ಆಡೋನು ಒಬ್ಬ ನೈಟ್ ವಾಚ್‌ಮನ್ನು, ರಾತ್ರಿ 12ರಿಂದ ಬೆಳಗ್ಗೆ 6ರ ತನಕ ಆಫೀಸಲ್ಲಿ ಕೂತಿರ್ಬೇಕು, ಯಂತ್ರದ ಗೊಂಬೆಗಳು ಎದ್ದು ಓಡಾಡ್ತವೆ, ಕ್ಯಾಮೆರಾದಲ್ಲಿ ನೋಡ್ಕೊಂಡು ಎಡ ಬಲ ಬಾಗ್ಲು ಹಾಕ್ಬೇಕು. ಆದ್ರೆ ಬಾಗ್ಲು ಹಾಕಿದ್ರೂ, ಲೈಟ್ ಹಾಕಿದ್ರೂ, ಕ್ಯಾಮೆರಾ ನೋಡಿದ್ರೂ ಕರೆಂಟ್ ಖರ್ಚಾಗ್ತದೆ, ಖಾಲಿಯಾದ್ರೆ ಕತ್ತಲಲ್ಲಿ ಗೊಂಬೆ ಮುಖ ಮಿಣುಕಿ ಒಂದು ಟ್ಯೂನ್ ಬರ್ತದೆ, ಟ್ಯೂನ್ ನಿಂತ್ಮೇಲೆ ಮುಗೀತು ಕಥೆ. ಬಂದೂಕಿಲ್ಲ, ಹೊಡೆದಾಟ ಇಲ್ಲ, ಕರೆಂಟ್ ಉಳಿಸೋದೇ ಆಟ. ಮಲೆನಾಡಿನವ್ರಿಗೆ ಇದ್ಕಿಂತ ಅರ್ಥ ಆಗೋ ಗೇಮ್ ಇನ್ನೊಂದಿಲ್ಲ ಅಂತ ನಾನು ತಮಾಷೆ ಮಾಡ್ದೆ.

ಐದು ಗಂಟೆ ಆಗಿದೆ ಗೇಮಲ್ಲಿ, ಕರೆಂಟ್ ಉಳಿದಿರೋದು ನಾಲ್ಕು ಪರ್ಸೆಂಟು, ಮಕ್ಳೆಲ್ಲ "ಬಾಗ್ಲು ತೆಗಿಯೇ, ಬಾಗ್ಲು ತೆಗಿಯೇ, ಕರೆಂಟ್ ಹೋಗ್ತದೆ" ಅಂತ ಕೂಗ್ತಿದಾರೆ, ಸರಿಯಾಗಿ ಆಗ್ಲೇ ಮನೆ ಕರೆಂಟ್ ಹೋಯ್ತು. ನಿಜವಾದ್ದು! ಟೀವಿ ಕಪ್ಪು, ಮನೆ ಕಪ್ಪು. ಐದು ಮಕ್ಳು ಒಂದೇ ಸಲ ಕಿರುಚಿದ್ದು ಗುಡ್ಡದಾಚೆ ಮನೆಯವ್ರಿಗೂ ಕೇಳಿರ್ಬೇಕು, ನಮ್ಮಮ್ಮ ದೀಪ ಹಿಡ್ಕೊಂಡು ಒಳಗಿಂದ ಬಂದ್ರೆ ಆ ದೀಪದ ಬೆಳಕಲ್ಲಿ ಅವ್ರ ಮುಖ ನೋಡಿ ಇನ್ನೊಂದು ಸಲ ಕಿರುಚಿದ್ರು. ಆಮೇಲೆ ನಕ್ಕಿದ್ದೂ ನಕ್ಕಿದ್ದೇ. ನನ್ ಮಗನೂ ಆ ಗುಂಪಲ್ಲೇ ಇದ್ದ. ಆವತ್ತು ರಾತ್ರಿ ಒಬ್ನೇ ಬಚ್ಚಲಿಗೆ ಹೋಗಿ ಬಂದ, ನಾನು ಗಮನಿಸ್ದೆ, ಏನೂ ಅನ್ಲಿಲ್ಲ.

ಈಗ ಹೇಳಿ, ಜುಲೈದೂ ಹಾರರ್ ಗೇಮು, ದೀಪಾವಳೀದೂ ಹಾರರ್ ಗೇಮು. ಮನವಿ ಪತ್ರದಲ್ಲಿ ಎರಡಕ್ಕೂ ಒಂದೇ ಸಾಲು.

ರೇಟಿಂಗ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಸಹಿಗೆ ಬಂದಿದ್ದ ಏಳೂ ಜನಕ್ಕೆ ಹಂಗೊಂದು ಇದೆ ಅಂತಾನೇ ಗೊತ್ತಿರ್ಲಿಲ್ಲ. ಅಮೆರಿಕದಲ್ಲಿ 1993ರಲ್ಲಿ ಗೇಮಲ್ಲಿರೋ ರಕ್ತಪಾತದ ಬಗ್ಗೆ ಅವ್ರ ಸೆನೆಟ್ಟಲ್ಲೇ ವಿಚಾರಣೆ ನಡೆದು ಗಲಾಟೆಯಾಗಿ 1994ಕ್ಕೆ ಇಎಸ್‌ಆರ್‌ಬಿ ಅಂತ ಗೇಮಿಗೆ ವಯಸ್ಸಿನ ರೇಟಿಂಗ್ ಕೊಡೋ ಒಂದು ಮಂಡಳಿ ಮಾಡ್ಕೊಂಡ್ರು, ಯುರೋಪಿನವ್ರು 2003ರಲ್ಲಿ ಪೆಗಿ ಅಂತ ಮಾಡ್ಕೊಂಡ್ರು, ಅದ್ರಲ್ಲಿ 3, 7, 12, 16, 18 ಅಂತ ನಂಬರ್. ನಮ್ ದೇಶದಲ್ಲಿ ಸಿನಿಮಾಗೆ ಯುಎ 7, 13, 16 ಅಂತ ವಯಸ್ಸಿನ ಪ್ರಕಾರ ಸರ್ಟಿಫಿಕೇಟ್ 2024ರಿಂದ ಬಂದಿದೆ, ಓಟಿಟಿಗೆ 2021ರಿಂದನೇ ಇದೆ. ಗೇಮಿಗೆ ಹಂಗೆ ನಮ್ದೇ ಸೆನ್ಸಾರ್ ಬೋರ್ಡ್ ಇಲ್ಲ. 2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾನೂನು ಮುಖ್ಯವಾಗಿ ಹೊಡೆದಿದ್ದು ದುಡ್ಡು ಕಟ್ಟಿ ಆಡೋ ಗೇಮ್‌ಗಳಿಗೆ, ದೆವ್ವಕ್ಕಲ್ಲ. ಆದ್ರೂ ಪ್ಲೇ ಸ್ಟೋರಲ್ಲಿ ಪ್ರತಿ ಗೇಮ್ ಹೆಸರಿನ ಕೆಳಗೆ 12+, 16+, 18+ ಅಂತ ಸಣ್ಣ ಚೌಕ ಇರ್ತದೆ, ಅದನ್ನ ಒತ್ತಿದ್ರೆ ಯಾಕೆ ಅಂತ ಒಂದು ಸಾಲೂ ಬರ್ತದೆ. ಗೇಮ್ ಮಾಡಿದವ್ರು ತುಂಬಿಸೋ ಪ್ರಶ್ನಾವಳಿ ಮೇಲೆ ಬರೋ ನಂಬರ್ ಅದು, ಕಲ್ಲಲ್ಲಿ ಕೆತ್ತಿದ್ದೇನಲ್ಲ, ಆದ್ರೂ ಏನೂ ನೋಡದೇ ಇರೋದಕ್ಕಿಂತ ಎಷ್ಟೋ ವಾಸಿ. ಮಗನ ಫೋನಲ್ಲಿದ್ದ ಗೇಮ್ ಆಮೇಲೆ ಹುಡುಕಿ ನೋಡ್ದೆ, 16+ ಅಂತ ಅಚ್ಚುಕಟ್ಟಾಗಿ ಬರೆದಿತ್ತು. ಎಪಿಕೆ ಫೈಲಲ್ಲಿ ಆ ಚೌಕ ಬರಲ್ಲ, ಅದೇ ಅದ್ರ ದೊಡ್ಡ ತೊಂದ್ರೆ.

ಇನ್ನೊಂದು, ಹೊರಗಿನ ಬಣ್ಣ ನೋಡಿ ಮೋಸ ಹೋಗಬೇಡಿ. ನಮ್ಮ ಎಳ್ಳಮಾವಾಸ್ಯೆ ಜಾತ್ರೇಲಿ ನೀಲಿ ಬಣ್ಣದ, ಉದ್ದ ಕೈಯ, ಬಾಯ್ ತುಂಬ ಹಲ್ಲಿರೋ ಗೊಂಬೆ ಮಾರ್ತಿದ್ರಲ್ಲ, ಅಂಗನವಾಡಿ ಮಕ್ಳೂ ಹೆಗಲಿಗೆ ಹಾಕ್ಕೊಂಡು ಹೋಗ್ತಿದ್ವು. ಅದು ಹಗ್ಗಿ ವಗ್ಗಿ, 2021ರಲ್ಲಿ ಬಂದ ಪಾಪಿ ಪ್ಲೇಟೈಮ್ ಅನ್ನೋ ಹಾರರ್ ಗೇಮಿನದ್ದು. ಗೊಂಬೆ ಇದೆ ಅಂದ್ಮೇಲೆ ಗೇಮೂ ಸಣ್ಣ ಮಕ್ಳಿಗೇ ಇರ್ಬೇಕು ಅಂತ ತಿಳ್ಕೊಂಡು ಹಾಕಿಸ್ಕೊಂಡು ಹೋದ ತಾಯಂದ್ರನ್ನ ನಾನೇ ನೋಡಿದೀನಿ. ಗ್ರಾನಿ ಅನ್ನೋದೊಂದಿದೆ, 2017ರದ್ದು, ಈ ಊರಲ್ಲಿ ಅದಿಲ್ಲದ ಹುಡ್ರ ಫೋನ್ ಕಮ್ಮಿ, ಬೀಗ ಹಾಕಿದ ಮನೇಲಿ ಒಬ್ಳು ಅಜ್ಜಿ, ಏನಾದ್ರೂ ಕೆಳಗೆ ಬೀಳಿಸಿದ್ರೆ ಸದ್ದು ಕೇಳಿ ಓಡಿ ಬರ್ತಾಳೆ, ಐದು ದಿನದಲ್ಲಿ ತಪ್ಪಿಸ್ಕೋಬೇಕು. ಹೆಸರು ನೋಡಿ "ಅಜ್ಜಿ ಕಥೆ ಗೇಮಾ, ಹಾಕಪ್ಪ" ಅಂದವ್ರೂ ಇದಾರೆ. ಇನ್ನು ರೆಸಿಡೆಂಟ್ ಈವಿಲ್ 7, ಔಟ್‌ಲಾಸ್ಟ್ ಥರದ್ದೆಲ್ಲ ಯುರೋಪಿನ ನಂಬರಲ್ಲಿ 18. ಅದ್ರ ಬಗ್ಗೆ ಚರ್ಚೆನೇ ಬೇಡ, ಹೈಸ್ಕೂಲ್ ಹುಡ್ರಿಗಲ್ಲ ಅದು, ಅಲ್ಲಿ ಇರೋದು ಬರೀ ಹೆದರಿಕೆ ಅಲ್ಲ, ಕಡಿಯೋದು, ಸೀಳೋದು.

ನನ್ ಲೆಕ್ಕ ಕೇಳಿದ್ರೆ 13-14ರ ಮಕ್ಳಿಗೆ 12+ ಅಂತ ಇರೋದು ಆಗ್ಬಹುದು, ಹಗಲು ಹೊತ್ತು, ಜೊತೇಲಿ ಯಾರಾದ್ರೂ ಇದ್ಕೊಂಡು. 16+ ಅಂದ್ರೆ ಮೊದ್ಲು ನೀವು ಒಂದು ಅರ್ಧ ಗಂಟೆ ಆಡಿ ನೋಡಿ, ಫೋನ್ ಗಟ್ಟಿ ಹಿಡ್ಕೊಳ್ಳಿ. ಅದ್ರ ಮೇಲೂ ನಂಬರ್ ಒಂದೇ ಸಾಲಲ್ಲ. ನನ್ ಮಗಳಿಗೆ 11, ಅಣ್ಣ ಹೆದರಿದ ಅದೇ ಗೇಮ್ ಹೆಗಲ ಮೇಲಿಂದ ಇಣುಕಿ ನೋಡಿ "ಇದೆಂತ, ಬಣ್ಣ ಬಳ್ಕೊಂಡಿದೆ" ಅಂತ ನಕ್ಕೋಳು. ಹಂಗಂತ ಅವ್ಳಿಗೆ ಕೊಡ್ಲಾ? ಇಲ್ಲ. ಆದ್ರೆ ಒಂದೇ ಮನೇಲಿ ಒಂದೇ ಅನ್ನ ತಿನ್ನೋ ಇಬ್ರು ಮಕ್ಳಿಗೇ ಹೆದರಿಕೆ ಒಂದೇ ಥರ ಇಲ್ಲ ಅಂದ್ಮೇಲೆ ಜಿಲ್ಲೆಗೆಲ್ಲ ಒಂದು ಆರ್ಡರ್ ಹೆಂಗೆ ಹೊಂದ್ತದೆ.

ಡಿಡಿಪಿಐ ಅವ್ರೇ, ಬ್ಯಾನ್ ಅಂತ ಒಂದು ಸುತ್ತೋಲೆ ಹೊರಡಿಸಿದ್ರೆ ಏನಾಗ್ತದೆ ಅಂತ ಅಂಗಡಿ ಕೌಂಟರ್ ಹಿಂದೆ ನಿಂತು ನೋಡಿದೋನು ಹೇಳ್ತೀನಿ. 2020ರ ಸೆಪ್ಟೆಂಬರಲ್ಲಿ ಪಬ್ಜಿ ಬ್ಯಾನ್ ಆಯ್ತಲ್ಲ, ಅದಾಗಿ ಒಂದು ವಾರಕ್ಕೆಲ್ಲ "ಅಣ್ಣಾ, ಪಬ್ಜೀದು ಕೊರಿಯಾ ವರ್ಷನ್ ಹಾಕಿಕೊಡ್ತೀಯಾ" ಅಂತ ಹುಡ್ರು ಬಂದ್ರು. ನಾನು ಆಗಲ್ಲ ಅಂದೆ, ಅವ್ರೇ ಕಲ್ತ್ಕೊಂಡ್ರು. ಇಲ್ಲೂ ಹಂಗೇ, ಸ್ಟೋರ್ ಬಿಟ್ಟು ಎಪಿಕೆಗೆ ಹೋಗ್ತಾರೆ, ಇರೋ ಒಂದು ನಂಬರೂ ಕಾಣ್ದಂಗೆ ಆಗ್ತದೆ. ಅದಕ್ಕಿಂತ ಕೆಟ್ಟದ್ದು ಎಂತ ಅಂದ್ರೆ, ಹೆದರಿದ ಹುಡುಗ ಬಾಯಿ ಬಿಡಲ್ಲ. ಬ್ಯಾನ್ ಆಗಿರೋದನ್ನ ಆಡಿ ಹೆದರಿದೆ ಅಂತ ಯಾವ ಮಾಣಿ ಮೇಷ್ಟ್ರ ಹತ್ರ ಹೇಳ್ತಾನೆ? ಸುಮ್ನೆ ಒಬ್ನೇ ನಿದ್ದೆಗೆಟ್ಟು ಮಲಗಿರ್ತಾನೆ.

ನಾನು ಕೇಳ್ಕೊಳ್ಳೋದು ಇಷ್ಟೇ. ಪೋಷಕರ ಸಭೇಲಿ ಒಂದು ಹದಿನೈದು ನಿಮಿಷ ಇದಕ್ಕೆ ಇಡೋಕೆ ಹೇಳಿ. ಪ್ಲೇ ಸ್ಟೋರ್ ಓಪನ್ ಮಾಡಿ ಮೇಲೆ ಮೂಲೇಲಿರೋ ಫೋಟೋ ಒತ್ತಿ ಸೆಟ್ಟಿಂಗ್ಸ್, ಅದ್ರೊಳಗೆ ಫ್ಯಾಮಿಲಿ, ಅದ್ರೊಳಗೆ ಪೇರೆಂಟಲ್ ಕಂಟ್ರೋಲ್ಸ್, ಒಂದು ಪಿನ್ ಹಾಕಿ 12+ಕ್ಕೆ ನಿಲ್ಲಿಸೋದು, ಎರಡು ನಿಮಿಷದ ಕೆಲ್ಸ. ಪಿನ್ ಮಾತ್ರ ಮಗನ ಹುಟ್ಟಿದ ವರ್ಷ ಇಡಬೇಡಿ ಮಾರಾಯ್ರೆ, ಅದನ್ನೇ ಅವ್ರು ಮೊದ್ಲು ಒತ್ತೋದು. ಮುಂಚೆನೇ ಹಾಕಿರೋ ಗೇಮಿಗೆ, ಶೇರ್ ಆಗಿ ಬರೋ ಎಪಿಕೆಗೆ, ಯೂಟ್ಯೂಬಲ್ಲಿ ಬೇರೆಯವ್ರು ಆಡೋ ವಿಡಿಯೋಗೆ ಈ ಪಿನ್ ಅಡ್ಡ ಬರಲ್ಲ, ಅದಕ್ಕೆ ನೀವೇ ನೋಡ್ಬೇಕು. ರಾತ್ರಿ ಫೋನ್ ಮಕ್ಳ ರೂಮಲ್ಲಿ ಬೇಡ, ನಮ್ಮನೇಲಿ ಈಗ ದೇವರ ಕೋಣೆ ಪಕ್ಕದ ಗೂಡಲ್ಲಿ ಚಾರ್ಜಿಗೆ ಇರ್ತವೆ, ನಂದೂ ಸೇರಿ. ನಿದ್ದೆ ಬಾರದೇ ಇರೋದು, ಒಬ್ನೇ ಇರೋಕೆ ಆಗದೇ ಇರೋದು ವಾರಗಟ್ಲೆ ಹಂಗೇ ಮುಂದುವರಿದ್ರೆ ಅದು ಗೇಮ್ ಒಂದರದ್ದೇ ಆಗಿರ್ಲಿಕ್ಕಿಲ್ಲ, 14416 ಅಂತ ಟೆಲಿ ಮಾನಸ್ ನಂಬರಿದೆ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಅದನ್ನ ಪ್ರತಿ ಶಾಲೆ ನೋಟಿಸ್ ಬೋರ್ಡಲ್ಲಿ ಹಾಕ್ಸಿ.

ಆ ಏಳನೇ ಕ್ಲಾಸಿನ ಹುಡುಗನ ಅಪ್ಪಂಗೆ ಒಂದು ಮಾತು. ನಿಮ್ ಮೇಲೆ ಸಿಟ್ಟಿಲ್ಲ, ನೀವಿರೋ ಜಾಗದಲ್ಲೇ ನಾನೂ ಇದ್ದೆ. ಅವ್ನ ಕೈಗೆ ದಾರ ಕಟ್ಟಿಸಿದ್ರೆ ಇರ್ಲಿ ಬಿಡಿ, ಬೈಬೇಡಿ ಅಷ್ಟೇ. ಶನಿವಾರ ಮಧ್ಯಾಹ್ನ ಅಂಗಡಿ ಖಾಲಿ ಇರ್ತದೆ, ಅವ್ನನ್ನೂ ಫೋನನ್ನೂ ಕರ್ಕೊಂಡು ಬನ್ನಿ, ಮೂವರೂ ಕೂತು ಆ ಗೇಮ್ ನೋಡೋಣ, ಬಾಗ್ಲು ಬಂದಾಗ ನೀವು ತೆಗೀರಿ.

ನನ್ ಮಗ ಈಗ ಒಂಬತ್ತನೇ ಕ್ಲಾಸು. ಮೊನ್ನೆ ಒಂದು 16+ ಗೇಮ್ ಲಿಂಕ್ ತೋರ್ಸಿ "ಅಪ್ಪಾ, ಇದನ್ನ ಮೊದ್ಲು ನೀನು ಆಡಿ ನೋಡ್ತೀಯಾ" ಅಂತ ಕೇಳಿದಾನೆ. ನಾಲ್ಕು ದಿನ ಆಯ್ತು, ನಂಗಿನ್ನೂ ಧೈರ್ಯ ಬಂದಿಲ್ಲ.

ಇಂತಿ,
ಮೊಬೈಲ್ ರಿಪೇರಿಯವನು,
ತೀರ್ಥಹಳ್ಳಿ